ಒಂಟಿ ರಾಣಿ

ಚಾಮರಾಜಪುರಂ ಬಸ್ ನಿಲ್ದಾಣದ ಪಕ್ಕ ಬೆಟ್ಟಮ್ಮ ಮಲ್ಲಿಗೆ ಕಟ್ಟುತ್ತ ಕೂತಿದ್ದಳು. ಕೈ ಹೂವಿನಲ್ಲಿತ್ತು, ಕಿವಿ ಮಾತ್ರ ಬೆಂಚಿನ ಮೇಲಿದ್ದ ಅಣ್ಣ ತಂಗಿಯ ಕಡೆಗಿತ್ತು.

“ನಾಳೆ ಶುರು ಮಾಡ್ಬುಡೋಣ ಕಣಣ್ಣ. ದಸರಾಕ್ಕೆ ಇನ್ನೊಂದೇ ತಿಂಗ್ಳು. ಜೋಡಿ ಕಳ್ಕೊಂಡ ಪಟ್ಟದ ಗೊಂಬೆಗಳೆಲ್ಲ ನಮ್ಮ ವೆಬ್‌ಸೈಟಲ್ಲಿ ಜೊತೆ ಹುಡುಕ್ಕೊಳ್ತವೆ.”

“ಫ್ರೀನಾ, ದುಡ್ಡಿಗಾ? ಅದನ್ನ ಮೊದ್ಲು ಹೇಳು ಪವಿತ್ರ.”

“ಫ್ರೀ! ಊರೂರಿನ ಅಟ್ಟದಿಂದ ರಾಜ ರಾಣೀರು ಇಳಿದು ಬರ್ತಾರೆ, ನೋಡ್ತಿರು.”

“ಬರ್ತಾರೆ. ಸರ್ವರ್ ಬಾಡಿಗೆ ಕಟ್ಟೋಕಾಗ್ದೆ ದೀಪಾವಳಿಗೆ ನಾವು ಬಾಗಿಲು ಹಾಕ್ತೀವಿ.”

“ದುಡ್ಡು ಕೇಳಿದ್ರೆ ಒಬ್ರೂ ಬರಲ್ಲ ಕಣಣ್ಣ.”

ಅಣ್ಣ ಬಸ್ ಬರುವ ದಾರಿ ನೋಡಿದ. ಆಮೇಲೆ ಪವಿತ್ರ ಎದ್ದು ಬಂದು ಒಂದು ಮೊಳ ಹೂ ಕೇಳಿದಳು. ಬೆಟ್ಟಮ್ಮ ಮೊಳ ಹಾಕಿ, ಮೇಲೆ ಗೇಣುದ್ದ ಕೊಸರು ಸೇರಿಸಿ ಕತ್ತರಿಸಿದಳು.

“ಎಲ್ರಿಗೂ ಹಿಂಗೇ ಕೊಸರು ಕೊಟ್ರೆ ನಿಮ್ಗೆ ಗಿಟ್ಟುತ್ತಾ ಅಜ್ಜಿ?”

“ಮೊಳ ತಗೊಂಡೋರ್ಗೆ ತಾನೇ ಕೊಸರು ಕಣವ್ವ? ಬರೀ ಕೊಸರೇ ಹಂಚ್ತಾ ಕೂತ್ರೆ ನಾಳೆ ಹೂ ಎಲ್ಲಿಂದ ತರ್ಲಿ?”

ಪವಿತ್ರ ಹೂ ಹಿಡಿದು ಬೆಂಚಿನ ಕಡೆ ತಿರುಗಿದಳು.

“ಅಣ್ಣ, ಜೋಡಿ ಕೂಡ್ಸಿದ್ದಕ್ಕೆ ದುಡ್ಡು ತಗೊಳ್ಳೋಣ. ಮಾಸಿದ ಗೊಂಬೆಗೆ ಬಣ್ಣ ಹಚ್ಕೊಡೋಣ, ಅದು ನಮ್ಮ ಕೊಸರು.”

“ಬಸ್ ಬಂತು, ಹತ್ತು ಹತ್ತು. ಒಳಗೆ ಮಾತಾಡೋಣ.”

ಬಸ್ಸು ತಿರುವು ದಾಟಿತು. ಬೆಟ್ಟಮ್ಮನ ಕೈ ನಿಂತುಹೋಯಿತು. ತವರಿನವರು ಮದುವೆಗೆ ಕೊಟ್ಟ ಪಟ್ಟದ ಗೊಂಬೆ ಜೋಡಿಯಲ್ಲಿ ಈಗ ಉಳಿದಿರುವುದು ರಾಣಿಯೊಬ್ಬಳೇ. ಬಣ್ಣ ಮಾಸಿ, ಹಳೇ ಸೀರೆಯ ತುಂಡು ಹೊದ್ದು, ಅಟ್ಟದ ಮೇಲೆ ಎಷ್ಟೋ ದಸರಾಗಳಿಂದ ಮಲಗಿದ್ದಾಳೆ.

ಆ ವೆಬ್‌ಸೈಟಿನ ಹೆಸರೇನೆಂದು ಅವಳು ಕೇಳಲೇ ಇಲ್ಲ.