ನಲವತ್ತನೇ ದಿನ ಬಂದವನು

ರಷ್ಯದ ದೋನ್ ನದಿಯ ದಡದ ಆ ಹಳ್ಳಿಯಲ್ಲಿ ಚಳಿಗಾಲಕ್ಕೆ ಎಲೆಕೋಸು ಹೆಚ್ಚಿ, ಉಪ್ಪು ಹಾಕಿ ಪೀಪಾಯಿ ತುಂಬುವುದು ಒಬ್ಬರಿಂದ ಆಗುವ ಕೆಲಸವಲ್ಲ. ಆ ಸಂಜೆ ಮೂಳೆ ಕೊರೆಯುವ ಮಳೆ ಹೊಡೆಯುತ್ತಿದ್ದಾಗ ನಾಲ್ಕೈದು ಹೆಂಗಸರು, ಜೊತೆಗೆ ಟ್ರಾಕ್ಟರ್ ಓಡಿಸುವ ಪಂಕ್ರಾತ್, ಮುದುಕಿ ಉಸ್ತೀನ್ಯಳ ಅಡುಗೆಮನೆಯಲ್ಲಿ ಕೂತಿದ್ದರು. ಉಸ್ತೀನ್ಯ ಮಾತ್ರ ಕತ್ತಿಯನ್ನೇ ಮುಟ್ಟಿರಲಿಲ್ಲ. ಐವತ್ತು ವರ್ಷ ನುಂಗಿಕೊಂಡಿದ್ದ ಮಾತು ಇವತ್ತು ನಾಲಿಗೆ ತುದಿಗೇ ಬಂದಿತ್ತು.

“ಈ ಬೀದೀಲಿ ದೆವ್ವ ಕುದುರೆ ಮೇಲೆ ಬರುತ್ತಂತಲ್ಲ ಅಜ್ಜಿ, ಆ ಕುದುರೆಗೆ ಹುಲ್ಲು ಹಾಕೋರು ಯಾರು?” ಪಂಕ್ರಾತ್ ಕೆಣಕಿದ. ಹೆಂಗಸರು ನಕ್ಕರು.

“ನಗು, ನಗು… ಅವನೂ ಹೀಗೇ ನಗೋನು, ನನ್ನಣ್ಣ ನಿಕಾಂದ್ರ. ಅಪ್ಪ ಎರಡು ಜೊತೆ ಎತ್ತು ಮಾರಿ ಕುದುರೆ ಕೊಡಿಸಿದ, ಜರ್ಮನ್ನರ ಮೇಲೆ ಯುದ್ಧಕ್ಕೆ ಹೋದೋನು ಇಪ್ಪತ್ತೊಂದನೇ ವಯಸ್ಸಿಗೇ ಭುಜದ ಮೇಲೆ ಅಧಿಕಾರಿ ಪಟ್ಟಿ ಹೊತ್ಕೊಂಡು ಬಂದ, ಅಮ್ಮ ಅದನ್ನ ಮುಟ್ಟಿ ಮುಟ್ಟಿ ನೋಡಿದ್ದೇ ನೋಡಿದ್ದು… ಆಮೇಲೆ ಕ್ರಾಂತಿ ಮಾಡಿದ ಕೆಂಪಿನವರು, ಅವರಿಗೆ ಎದುರು ನಿಂತ ಬಿಳಿಯವರು ಅಂತ ನಮ್ಮ ಜನಾನೇ ಸೀಳಿ ಎರಡಾಯ್ತು. ಅವನು ಬಿಳಿಯವರ ಕಡೆ. ಅವನ ಸವಾರರು ಕತ್ತಿ ಬೀಸಿದ್ದು ಯಾರ ಮೇಲೆ ಗೊತ್ತಾ? ಇದೇ ನದೀಲಿ ಅವನ ಜೊತೆ ಈಜಿದ ಹುಡುಗರ ಮೇಲೆ. ಕೊನೇ ಸಲ ಬಂದಾಗ ಮುಂದಿಟ್ಟ ರೊಟ್ಟೀನೂ ಮುಟ್ಟಲಿಲ್ಲ.

“ಒಂದಿನ ಅವನು ಸತ್ತ ಅಂತ ಸುದ್ದಿ ಬಂತು. ಟೋಪಿ ಬಂತು, ಹೆಣ ಬರಲಿಲ್ಲ. ಟೋಪೀನ ದೇವರ ಪಟದ ಕೆಳಗಿಟ್ವಿ, ಪಾದ್ರಿ ಸತ್ತವರ ಪ್ರಾರ್ಥನೆ ಹೇಳಿದ. ನಲವತ್ತು ದಿನ ಜೀವ ಮನೆ ಸುತ್ತಲೇ ಇರುತ್ತಲ್ಲ… ನಲವತ್ತನೇ ದಿನ ಬೀಳ್ಕೊಳ್ಳೋಕೆ ಬರುತ್ತೆ, ಆಗ ಬಾಗಿಲು ತೆಗೆದ್ರೆ ಇನ್ನೊಬ್ಬರನ್ನೂ ಕರ್ಕೊಂಡು ಹೋಗುತ್ತೆ ಅಂತ ಅಮ್ಮನ ಹೆದರಿಕೆ.

“ನಲವತ್ತನೇ ದಿನ, ಇಂಥದೇ ಹೊತ್ತು… ಬಾಗಿಲು ತಟ್ಟಿದ್ರು. ‘ಅಮ್ಮಾ, ನಾನು. ಬದುಕಿದ್ದೀನಿ.’ ಅಮ್ಮ ಶಿಲುಬೆ ಗುರುತು ಹಾಕ್ಕೊಂಡು ನನ್ನ ಕಿವೀಲಿ ಅಂದಳು, ‘ಬಾಗಿಲ ಸಂದೀಲಿ ನೋಡು ಮಗಳೇ, ಉಸಿರಿನ ಹಬೆ ಕಾಣುತ್ತಾ? ಸತ್ತೋರಿಗೆ ಉಸಿರಿರಲ್ಲ.’

“ನೋಡಿದೆ. ಗಾಯ ಆದ ಪಕ್ಕೆ ಒತ್ತಿ ಹಿಡ್ಕೊಂಡು ನಿಂತಿದ್ದ. ಅಷ್ಟು ದಿನ ಎಲ್ಲಿ ಅಡಗಿದ್ದನೋ… ಬಾಯಿಂದ ಹಬೆ ಬರ್ತಿತ್ತು. ಕುದುರೆ ಮೂಗಿಂದಲೂ.”

ಹೆಚ್ಚುವ ಸದ್ದು ನಿಂತಿತು.

“ಪಕ್ಕದ ಮನೇಲಿ ಕೆಂಪಿನವರು ತಳ ಊರಿದ್ರು. ಬಿಳಿ ಅಧಿಕಾರಿ ಸಿಕ್ಕ ಮನೇನ ಜನರ ಸಮೇತ ಸುಡ್ತೀವಿ ಅಂದಿದ್ರು. ನನಗೆ ಹದಿನಾಲ್ಕು. ನಾನು ಅಂದೆ, ‘ಇಲ್ಲಮ್ಮ, ಉಸಿರಿಲ್ಲ.’

“ಅಮ್ಮ ಬಾಗಿಲಿಗೆ ಹಣೆ ಆನಿಸಿ ಎಷ್ಟು ಮುದ್ದಾಗಿ ಹೇಳಿದಳು ಗೊತ್ತಾ… ‘ಹೋಗು ಕಂದ, ತಣ್ಣಗೆ ಮಲಗು, ಮತ್ತೆ ಬರಬೇಡ.’ ಅವನು ಮತ್ತೆ ತಟ್ಟಲಿಲ್ಲ. ತಾಯಿ ಮಾತು ಮೀರಿದೋನಲ್ಲ. ಬೆಳಗ್ಗೆ ಮೆಟ್ಟಿಲ ಮೇಲೆ ಸತ್ತು ಬಿದ್ದಿದ್ದ. ಅಮ್ಮ ಅವನ ಕಂಕುಳಿಗೆ ಕೈ ಇಟ್ಟಳು… ಇನ್ನೂ ಬೆಚ್ಚಗಿತ್ತು. ತಿರುಗಿ ನನ್ನನ್ನ ನೋಡಿದಳು. ಅಷ್ಟೇ. ಸಾಯೋವರೆಗೂ ನನ್ನ ಹತ್ರ ಮಾತಾಡಲಿಲ್ಲ.”

“ನೀನಿನ್ನೂ ಮಗು ಅಲ್ವಾ ಅಜ್ಜಿ ಆಗ,” ಎಂದ ಪಂಕ್ರಾತ್, ಮೆಲ್ಲಗೆ.

“ಅದನ್ನ ಅವನಿಗೆ ಹೇಳು. ವರ್ಷಾ ವರ್ಷಾ ಇದೇ ದಿನ ಬರ್ತಾನೆ. ಬಾಗಿಲು ತೆಗೆದೇ ಇಟ್ಟಿರ್ತೀನಿ, ಒಳಗೆ ಬಾ ಅಂತೀನಿ, ಬರಲ್ಲ. ‘ನನಗೆ ಉಸಿರಿತ್ತಲ್ವೇನೆ?’ ಅಂತಾನೆ. ಇತ್ತು ಅಂತೀನಿ… ಮತ್ತೆ ಅದನ್ನೇ ಕೇಳ್ತಾನೆ.”

ಹೊರಗೆ ಮೆಟ್ಟಿಲು ಕಿರ್ರೆಂದಿತು. ಉಸ್ತೀನ್ಯ ಬಾಗಿಲಿನ ಕಡೆ ನೋಡಿದಳು.

“ಚಿಲಕ ಹಾಕಿದ್ದು ಯಾರು?”

“ನಾನೇ… ಗಾಳಿ ಬರ್ತಿತ್ತು ಅಂತ,” ಎಂದ ಪಂಕ್ರಾತ್.

“ತೆಗಿ ಪಂಕ್ರಾತ್. ಹೆದರಬೇಡ. ಅವನು ಕೇಳೋದು ನಿನ್ನನ್ನಲ್ಲ.”