ಸಾಹೇಬರಿಗೆ ತೆರಿಗೆ ಮಾಫಿ

ಹೊಳೆದಂಡೆಯಲ್ಲೊಂದು ಸಣ್ಣ ಪಟ್ಟಣ. ಅದಕ್ಕೊಬ್ಬ ಪುರಸಭೆ ಅಧ್ಯಕ್ಷ, ಮಡಿವಾಳಪ್ಪ. ಒಳ್ಳೆಯವನೇ. ಊರು ಉದ್ಧಾರವಾಗಲಿ ಎಂಬ ಆಸೆಯೂ ನಿಜವಾದದ್ದೇ. ಯಾರೋ ಪರದೇಶದ ಸಿರಿವಂತ ನೆಲೆಸಲು ಜಾಗ ನೋಡಿಕೊಂಡು ಹೋದನೆಂದು ತಿಳಿದದ್ದೇ ತಡ, ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ಮನುಷ್ಯ ಬೇರೆ ಊರಿಗೆ ಹೋಗಿಬಿಟ್ಟರೆ? ಸಭೆ ಕರೆದ. ಹತ್ತು ವರ್ಷ ಆ ಸಾಹೇಬನಿಗೆ ಮನೆ ತೆರಿಗೆ ಇಲ್ಲ, ನೀರಿನ ತೆರಿಗೆ ಇಲ್ಲ. ಆ ಕೊರತೆ ತುಂಬಲು ಉಳಿದವರ ತೆರಿಗೆ ಏರಿಸಿದ.

ಬಳೆ ಮಾರುವ ನಿಂಬೆವ್ವ ಎದ್ದು ನಿಂತಳು. “ಅಧ್ಯಕ್ಷರ, ನಂದು ಒಂದ ಖೋಲಿ ಮನಿ. ಅಂವಗ ಮಾಫಿ, ನನಗ ಜಾಸ್ತಿ. ಇದ್ಯಾವ ನ್ಯಾಯರೀ?”

“ಯವ್ವಾ, ಅಂವ ಬ್ಯಾರೆ ಊರಿಗೆ ಹೊಕ್ಕಾನ. ನೀ ಎಲ್ಲಿಗೆ ಹೊಕ್ಕಿ?”

ಸಭೆ ಚಪ್ಪಾಳೆ ತಟ್ಟಿತು. ನೋಡಿ, ಇಂಥ ಮಾತಿಗೆ ಚಪ್ಪಾಳೆ!

ಸಾಹೇಬ ಬಂದ, ಬಂಗಲೆ ಕಟ್ಟಿಸಿದ. ಊರಿಗೆ ಲಾಭವಾಗಲಿಲ್ಲವೇ? ಆಯಿತು, ಸುಳ್ಳು ಹೇಳಬಾರದು. ಗೌಂಡಿಗಳಿಗೆ ವರ್ಷವಿಡೀ ಕೆಲಸ, ನಾಲ್ಕು ಜನಕ್ಕೆ ಕಾಯಂ ಸಂಬಳ. ಮಡಿವಾಳಪ್ಪ ಎದೆಯುಬ್ಬಿಸಿ ಸುತ್ತಲಿನ ಊರುಗಳಲ್ಲೆಲ್ಲ ಭಾಷಣ ಮಾಡಿದ.

ಮೂರನೆಯ ಬೇಸಿಗೆಯಲ್ಲಿ ನೀರಿನ ಪಂಪು ಕೆಟ್ಟಿತು. ಸಭೆ ಸೇರಿತು. ಸಾಹೇಬ ಅಷ್ಟರಲ್ಲಿ ತನ್ನ ಅಡುಗೆಯವಳ ಕನ್ನಡವನ್ನೇ ಕಲಿತಿದ್ದ. “ನಮ್ಮನಿಗೂ ನೀರ ಬಂದಿಲ್ಲರೀ,” ಎಂದ.

“ಕರಾ ತುಂಬಿದವ್ರು ಮೊದಲ ಮಾತಾಡ್ಲಿ. ನೀ ಬೀಗರಂಗ ಬಂದಿ, ಸುಮ್ನ ಕುಂದ್ರಪಾ,” ಎಂದಳು ನಿಂಬೆವ್ವ.

ಸಾಹೇಬನ ಮುಖ ಕೆಂಪಾಯಿತು. ನೇರ ಅಧ್ಯಕ್ಷನ ಮುಂದೆ ಬಂದು ನಿಂತ. “ನನಗೂ ಕರಾ ಹಾಕ್ರಿ.”

ಮಡಿವಾಳಪ್ಪ ಬೆವತ. “ಬ್ಯಾಡ್ರೀ ಸಾಹೇಬ್ರ! ಮಾಫಿ ಐತಂತ ಅಲ್ಲೇನ್ರೀ ನೀವು ಬಂದದ್ದು?”

“ಯಾರು ಹೇಳಿದ್ರು? ನನಗ ಉಬ್ಬಸ ಐತಿ. ಇಲ್ಲಿ ಹವಾ ಹಿಡಿಸ್ತು, ಬಂದೆ. ಮಾಫಿ ಕೊಟ್ರಿ, ತಗೊಂಡೆ. ಕೊಡದಿದ್ರೂ ಬರ್ತಿದ್ದೆ.”

ಮಡಿವಾಳಪ್ಪ ಕುರ್ಚಿಗೆ ಕುಸಿದ. ತಾನು ಮಾಡಿದ ಭಾಷಣಗಳೆಲ್ಲ ಒಂದೊಂದಾಗಿ ನೆನಪಾದವು. ಮೊದಲು ನಾಚಿಕೆ, ಆಮೇಲೆ ತಡೆಯಲಾಗದ ನಗು. “ಯವ್ವಾ ನಿಂಬೆವ್ವ, ಕೇಳದವ್ರಿಗೆ ಕೊಟ್ಟೆ, ಕೇಳಿದವ್ರಿಂದ ಕಸಗೊಂಡೆ. ನನ್ನಂಥ ಹುಚ್ಚ ಯಾರೂ ಇಲ್ಲ.”

“ಅದು ನನಗ ಗೊತ್ತೈತಿ. ಮೊದಲ ಪಂಪ ರಿಪೇರಿ ಮಾಡಸು.”

ಮಾಡಿಸಿದ. ಸಾಹೇಬನಿಗೂ ತೆರಿಗೆ ಬಂತು, ಏರಿಸಿದ್ದು ಇಳಿಯಿತು. ಸಾಹೇಬ ಎಲ್ಲಿಗೂ ಹೋಗಲಿಲ್ಲ.

ನಗುತ್ತಿದ್ದೀರಿ, ಭಕ್ತರೇ. ನಗಿ, ಆದರೆ ಇತ್ತಲೂ ನೋಡಿ. ಮೊನ್ನೆ ಈ ಮಠದ ಮುಂದೆ ದೊಡ್ಡ ಕಾರೊಂದು ನಿಂತಾಗ ನಿಮ್ಮ ಈ ಸ್ವಾಮಿಗಳು, ಅಂದರೆ ನಾನೇ, ಪೂಜೆ ಅರ್ಧಕ್ಕೆ ಬಿಟ್ಟು ಎದ್ದು ಬಂದರು. ಕಾರಿನವರು ಕೇಳಿದ್ದು ಶೌಚಾಲಯ ಎಲ್ಲಿದೆ ಎಂದು! ಮೂವತ್ತು ವರ್ಷದಿಂದ ಅಂಗಳ ಗುಡಿಸುವ ತಾಯಿಗೆ ಇದೇ ಸ್ವಾಮಿಗಳು ಒಮ್ಮೆಯಾದರೂ ಎದ್ದು ನಿಂತಿದ್ದಾರೆಯೇ? ಇಲ್ಲ. ಬಿಟ್ಟು ಹೋಗುವವರಿಗೆ ನಮ್ಮ ನಯವೆಲ್ಲ, ಎಲ್ಲಿಗೂ ಹೋಗಲಾರದವರಿಗೆ ನಮ್ಮ ಗದರಿಕೆಯೆಲ್ಲ. ಹೌದೋ ಅಲ್ಲವೋ?

ನಾಳೆ ಅಂಗಡಿ ತೆರೆದಾಗ, ಕಾರಿನವರಿಗೆ ಬೆಲೆಯಲ್ಲಿ ಬಿಡುವಷ್ಟನ್ನೇ ಬರಿಗಾಲಿನವರಿಗೂ ಬಿಡಿ. ಊರಲ್ಲಿ ಯಾರಿಗೇ ವಿನಾಯಿತಿ ಎಂದರೂ ಚಪ್ಪಾಳೆಗೆ ಮೊದಲು ಎದ್ದು ಕೇಳಿ: ಇವರ ಪಾಲು ಯಾರು ತುಂಬುತ್ತಾರೆ? ಸಂಕೋಚ ಬೇಡ. ಬೇಕಾದರೆ ನನ್ನಿಂದಲೇ ಶುರು ಮಾಡಿ. ಈ ಮಠಕ್ಕೂ ತೆರಿಗೆ ಮಾಫಿ ಇದೆ.