ಕೊಳಲಿನ ಟ್ಯೂನಿಗೆ ಎರಡು ರೆಕಾರ್ಡಿಂಗ್

ಮಗನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗಲೇ ಇಸ್ತ್ರಿಪೆಟ್ಟಿಗೆ ಕೈಕೊಟ್ಟಿತು. ಆ ತಾಯಿ ಬಟ್ಟೆಯ ಗಂಟು ಹಿಡಿದು ಇಸ್ತ್ರಿ ಅಂಗಡಿಯ ಸಾಲಿನಲ್ಲಿ ನಿಂತಳು. ಅವಳ ಮುಂದೆ ಒಬ್ಬ ತಂದೆ ಮತ್ತು ಶಾಲೆಗೆ ಹೊರಟ ಮಗಳು. ಮಗಳ ಮುಷ್ಟಿಯಲ್ಲಿ ಪೆನ್‌ಡ್ರೈವ್. ಕೇಳಬಾರದು ಎಂದುಕೊಂಡರೂ ಹಿಂದೆ ನಿಂತವಳ ಕಿವಿ ಅತ್ತಲೇ ಹೋಯಿತು.

“ಇವತ್ತೂ ಎಲ್ರೂ ನಕ್ಕುಬಿಟ್ರೆ?”

“ಯಾಕೆ ನಗ್ತಾರೆ? ಅವತ್ತು ಕೊಟ್ಟ ಫೈಲಲ್ಲಿ ಯಾವ ಸ್ವರ ಯಾವಾಗ ಅಂತಷ್ಟೇ ಇತ್ತು, ಸದ್ದಿರಲಿಲ್ಲ. ಶಾಲೆ ಕಂಪ್ಯೂಟರ್ ತನಗೆ ತೋಚಿದ ವಾದ್ಯದಲ್ಲಿ ನುಡಿಸ್ತು.”

“ನನ್ನ ಕೊಳಲು ಹೋಗಿ ಸೈಕಲ್ ಬೆಲ್ ಆಯ್ತು!”

“ಈಗ ನಮ್ಮನೆ ಕಂಪ್ಯೂಟರಲ್ಲೇ ಕೊಳಲಿನ ಸದ್ದಲ್ಲಿ ನುಡಿಸಿ ಆಡಿಯೋ ಮಾಡಿದೀವಲ್ಲ ಪುಟ್ಟಿ. ಎಲ್ಲಿ ಹಾಕಿದ್ರೂ ಕೊಳಲೇ. ನನ್ನ ಮಗಳು ಕೂತು ಕಟ್ಟಿದ ಟ್ಯೂನ್ ಬಿಟ್ಟು ವಾರ್ಷಿಕೋತ್ಸವಕ್ಕೆ ಇನ್ನೇನು ಹಾಕ್ತಾರೆ?”

ಅವನ ಎದೆ ಉಬ್ಬಿದ್ದು ಹಿಂದೆ ನಿಂತವಳಿಗೂ ತಿಳಿಯಿತು.

“ಮೊದಲ್ನೇ ಸಲ ನೀನು ಮೈಕ್ ಆಫ್ ಮಾಡೋದನ್ನೇ ಮರೆತೆ, ಮನೆ ಸದ್ದೆಲ್ಲ ಸೇರ್ಕೊಂಡ್ತು.”

“ಮರೆತೆ, ಏನೀಗ? ಎರಡನೇದು ಚೊಕ್ಕವಾಗಿದೆಯಲ್ಲ. ಎರಡೂ ಆ ಪೆನ್‌ಡ್ರೈವಲ್ಲೇ ಇವೆ.”

“ಮೊದಲ್ನೇದ್ರಲ್ಲಿ ಅಮ್ಮ ಅಡುಗೆಮನೆಯಿಂದ ಕೂಗ್ತಾಳೆ, ‘ರೇಡಿಯೋ ಸ್ವಲ್ಪ ಜೋರು ಮಾಡ್ರೀ, ಯಾರೋ ಎಷ್ಟು ಚೆನ್ನಾಗಿ ನುಡಿಸ್ತಿದಾರೆ’ ಅಂತ.”

“ನಿಂದು ಅಂತ ಗೊತ್ತಾದ್ಮೇಲೆ ಸೌಟು ಹಿಡ್ಕೊಂಡೇ ಓಡಿ ಬಂದ್ಲಲ್ಲ!”

ತಂದೆ ನಗುತ್ತಾ ಮಡಿಸಿದ ಬಟ್ಟೆ ಎತ್ತಿಕೊಂಡು ಹೊರಟ. ಮಗಳು ಪೆನ್‌ಡ್ರೈವನ್ನೇ ನೋಡುತ್ತಾ ಹಿಂದೆ ಬಿದ್ದಳು. ಬೀದಿಯ ತಿರುವಿನಲ್ಲಿ ಓಡಿಹೋಗಿ ಅವನ ಅಂಗಿ ಜಗ್ಗಿದಳು.

“ಅಪ್ಪಾ, ಟೀಚರಿಗೆ ಅಮ್ಮ ಕೂಗಿರೋದನ್ನೇ ಕೊಡ್ಲಾ?”